ಕೆಂಪು ಸೀಮೆಸುಣ್ಣದ ಮಾಮ

ನಮ್ಮ ಮಾಮ ಹುಟ್ಟಿದ ಕೂಡಲೇ ಸೂಲಗಿತ್ತಿಯ ಕೆಲಸದಲ್ಲಿ ಎರಡು ತಪ್ಪು ಹಿಡಿದನಂತೆ! ಹಾಗೆಂದು ನಮ್ಮವ್ವ ಹೇಳುತ್ತಾಳೆ, ನಾನಂತೂ ನಂಬುತ್ತೇನೆ. ಅವ್ವನ ಈ ಅಣ್ಣ ನಾಗಪುರದ ಮದ್ದುಗುಂಡಿನ ಕಾರ್ಖಾನೆಯಲ್ಲಿ ತಪಾಸಣೆಗಾರನಾಗಿದ್ದವನು. ಸಾಲಾಗಿ ನಿಲ್ಲಿಸಿದ ಗುಂಡುಗಳ ಲೋಹದ ಕವಚಗಳನ್ನು ಪುಟ್ಟ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುವುದು, ಚಲೋ ಇದ್ದರೆ ಬಿಳಿ ಸೀಮೆಸುಣ್ಣದ ಗುರುತು, ಇಲ್ಲದಿದ್ದರೆ ಕೆಂಪು. ನಿವೃತ್ತಿಯ ದಿನ ಸುತ್ತಿಗೆಯನ್ನು ಒಪ್ಪಿಸಿ ಬಂದ. ಎರಡೂ ಬಣ್ಣದ ಸೀಮೆಸುಣ್ಣ ಮಾತ್ರ ಅಂಗಿಯ ಜೇಬಿನಲ್ಲೇ ಉಳಿಯಿತು.

ಅಲ್ಲಿಂದ ಲೋಕವೆಲ್ಲ ಅವನಿಗೆ ಕಾರ್ಖಾನೆಯ ಮಾಲು! ಸಂತೆಯ ತೆಂಗಿನಕಾಯಿಗೆ ಕೆಂಪು, ನೆರೆಮನೆಯ ಹೊಸ ಬಾಗಿಲಿಗೆ ಕೆಂಪು. ನನ್ನನ್ನು ನೋಡಲು ಬಂದ ಹುಡುಗನ ಸ್ಕೂಟರಿನ ಸೀಟಿಗೂ ಕೆಂಪು! ಪಾಪ, ಅವನು ತೊಟ್ಟಿದ್ದು ಬಿಳಿ ಪ್ಯಾಂಟು. ತನ್ನ ಮನೆಯಿದ್ದ ಧರಮಪೇಠದ ತನಕ ಆ ಗುರುತನ್ನು ಹೊತ್ತುಕೊಂಡೇ ಹೋದ. ಸಂಬಂಧ ಅಲ್ಲಿಗೆ ಮುರಿಯಿತು, ನಾನು ಎಂ.ಎಸ್ಸಿ. ಸೇರಿದೆ. ಕೆಂಪು ತುಂಡು ತಿಂಗಳಿಗೊಂದು ಸವೆಯುತ್ತಿತ್ತು. ಬಿಳಿಯದು ನಿವೃತ್ತಿಯ ದಿನ ಎಷ್ಟಿತ್ತೋ ಅಷ್ಟೇ.

ನಮ್ಮಪ್ಪ ಅದೇ ಕಾರ್ಖಾನೆಯಲ್ಲಿ ಪೆಟ್ಟಿಗೆ ಹೊರುತ್ತಿದ್ದ. ನಮ್ಮ ಮನೆತನದಲ್ಲಿ ಮೆಟ್ರಿಕ್ ದಾಟಿದವಳು ನಾನೊಬ್ಬಳೇ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ, ಪುಕ್ಕಟೆ ದಾಟಿದವಳಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಪಿಎಚ್.ಡಿ.ಗೆಂದು ಪ್ರಯೋಗಾಲಯ ಸೇರಿದೆ. ಆರೋಗ್ಯವಂತರ ರಕ್ತದಿಂದ ಬಿಳಿ ಕಣಗಳನ್ನು ಬೇರ್ಪಡಿಸಿ, ಪೋಷಕ ದ್ರವದಲ್ಲಿ ಕೆಲವು ದಿನ ಸಾಕಿ, ಕ್ಯಾನ್ಸರ್ ಕಣಗಳ ಮೇಲೆ ಬಿಡುವುದು ನನ್ನ ಕೆಲಸ. ಆಮೇಲೆ ಒಂದು ಬಣ್ಣ ಹಾಕಿದರೆ ಸತ್ತ ಕಣ ನೀಲಿಯಾಗುತ್ತದೆ, ಬದುಕಿದ್ದು ಆಗುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿ ಎಣಿಸಬೇಕು.

ರಕ್ತ ಕೊಡುವವರು ಬೇಕೆಂದು ಮನೆಯಲ್ಲಿ ಬಾಯಿಬಿಟ್ಟದ್ದೇ ತಡ, ಮಾಮ ಅಂಗಿಯ ತೋಳು ಮಡಿಸಿ ನಿಂತ. ಮರಾಠಿಯಲ್ಲಿದ್ದ ಒಪ್ಪಿಗೆ ಪತ್ರವನ್ನು ಒಂದು ತಾಸು ಓದಿದ. ಸೂಜಿಯನ್ನು ಬೆಳಕಿಗೆ ಹಿಡಿಸಿ ನೋಡಿದ. ಸೂಜಿ ಹತ್ತಿರ ಬಂದಾಗ ಮಾತ್ರ ಕಣ್ಣು ಗಟ್ಟಿಯಾಗಿ ಮುಚ್ಚಿದ!

"ಅಂಜಿಕಿ ಏನು ಮಾಮಾ?"

"ಅಂಜಿಕಿ ಎಲ್ಲಿಂದ? ಮಾಲು ಹೊರಗ ಹೋಗೂದನ್ನ ತಪಾಸಣಿಗಾರ ನೋಡಬಾರ್ದು, ಅದು ಕಾಯ್ದೆ!"

ಇಂಥ ಕಾಯ್ದೆ ಯಾವ ಕಾರ್ಖಾನೆಯಲ್ಲಿದೆಯೋ, ದೇವರೇ ಬಲ್ಲ.

ಮೊದಲ ಪ್ರಯೋಗದ ತಟ್ಟೆ ತುಂಬ ನೀಲಿಯೋ ನೀಲಿ! ನನ್ನ ಗೈಡ್ ಆಗಿದ್ದ ಮೇಡಂ ಪುಣೆಯ ಕಡೆಯವರು, ಸುಲಭಕ್ಕೆ ನಗುವವರಲ್ಲ. ಅವರೇ ನಕ್ಕು ಲೇಖನ ಬರೆಯಲು ಕೂತರು. ನಾನು ಮಾಮನನ್ನು ಕರೆತಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ, ಬಿಳಿ ಕಣಗಳೆಂದರೆ ಸಿಪಾಯಿಗಳು, ಕ್ಯಾನ್ಸರ್ ಕಣಗಳೆಂದರೆ ವೈರಿಗಳು ಎಂದು ತಿಳಿಸಿದೆ. ರಕ್ತ ಕೊಟ್ಟವನಿಗೆ ಯುದ್ಧ ನೋಡುವ ಹಕ್ಕಿಲ್ಲವೇ? ಅವನು ಬಹಳ ಹೊತ್ತು ಬಗ್ಗಿ ನೋಡಿದ.

"ಇವು ಸಿಪಾಯಿಗೋಳು ಹೊಡದು ಸತ್ತಾವು ಅಂತೀ?"

"ಹೌದು ಮಾಮಾ!"

"ಸಿಪಾಯಿಗೋಳನ್ನ ಸಾಕಿದ ಆ ನೀರು ಐತೆಲ್ಲ, ಬರೇ ಅದನ್ನಷ್ಟ ಹಾಕಿ ನೋಡೀಯೇನು?"

"ಇಲ್ಲ..."

"ವೈರಿ ನೀರಾಗ ಮುಳುಗಿ ಸತ್ತಿದ್ರ? ನೀ ಸಿಪಾಯಿಗೆ ಪದಕ ಹಂಚಾಕ ಹತ್ತೀಯಲ್ಲವಾ!"

ತಟ್ಟೆಯ ಮುಚ್ಚಳದ ಮೇಲೆ ಕೆಂಪು ಗುರುತು ಎಳೆದೇಬಿಟ್ಟ.

ನನಗೆ ಮೈಯೆಲ್ಲ ಉರಿಯಿತು. ಕವಚ ತಟ್ಟಿದವನಿಗೆ ಕಣದ ವಿಷಯ ಏನು ಗೊತ್ತು? ಅವನ ಬಾಯಿ ಮುಚ್ಚಿಸಲೆಂದೇ ಸಾಕಿದ ಹಳೆಯ ದ್ರವವನ್ನಷ್ಟೇ ಹಾಕಿ ನೋಡಿದೆ. ನೀಲಿ! ಬಿಳಿ ಕಣಗಳನ್ನು ಮೂರು ಸಲ ತೊಳೆದು ಬಿಡಬೇಕಾಗಿತ್ತು. ಅವಸರದಲ್ಲಿ ಒಂದೇ ಸಲ ತೊಳೆದಿದ್ದೆ. ಅವುಗಳ ಜೊತೆ ಹೋದ ಕೊಳಕು ನೀರೇ ಅರ್ಧ ಯುದ್ಧ ಗೆದ್ದಿತ್ತು. ಮೇಡಂ ಬರೆದ ಹಾಳೆಗಳನ್ನು ಸದ್ದಿಲ್ಲದೆ ಡ್ರಾಯರಿಗೆ ಹಾಕಿ, ಮರಾಠಿಯಲ್ಲಿ ಒಂದೇ ಮಾತು ಹೇಳಿದರು: "ಪುನ್ಹಾ ಕರ್."

ಮತ್ತೆ ಮಾಡು! ಮಾಡದೆ ಬಿಡುವ ಮನೆತನವೇ ನಮ್ಮದು? ಪೆಟ್ಟಿಗೆ ಬಿದ್ದರೆ ಅಪ್ಪ ಮತ್ತೆ ಹೆಗಲಿಗೇರಿಸುತ್ತಿರಲಿಲ್ಲವೇ? ಒಂದು ವರ್ಷ ತೊಳೆದೆ, ಎಣಿಸಿದೆ, ಮತ್ತೆ ತೊಳೆದೆ. ಪ್ರತಿ ಸಲವೂ ಪಕ್ಕದಲ್ಲೊಂದು ಸಿಪಾಯಿಗಳಿಲ್ಲದ, ಬರೇ ಆ ನೀರಿನ ತಟ್ಟೆ ಇಟ್ಟೆ. ಮಾಮ ತಿಂಗಳಿಗೊಮ್ಮೆ ಬಂದು ಕಣ್ಣು ಮುಚ್ಚಿ ತೋಳು ಚಾಚುತ್ತಿದ್ದ. ರಕ್ತದ ಶೀಶೆಗಳ ಮೇಲೆ ಹೆಸರಿರಲಿಲ್ಲ, ಬರೇ ನಂಬರು. ಒಂದು ದಿನ ಸತ್ತ ಕಣಗಳ ಲೆಕ್ಕವಿದ್ದ ನನ್ನ ಪಟ್ಟಿಯ ಮೇಲೆ ಬೆರಳಿಟ್ಟ.

"ಈ ಏಳನೇ ನಂಬರಿನವ ಯಾರವಾ? ಬರೇ ಅಂಬಲಿ ಕುಡದು ಬಂದಾನೇನು? ಅವನ ಸಿಪಾಯಿಗೋಳು ನಿದ್ದಿ ಹೊಡ್ಯಾಕ ಹತ್ಯಾವ! ರಿಜೆಕ್ಟ್!"

ಹೇಳಬಾರದಾಗಿತ್ತು, ಬಾಯಿ ತಡೆಯಲಿಲ್ಲ. "ಮಾಮಾ, ಅದು ನಿಂದ!"

ಮಾಮ ಪಟ್ಟಿಯಿಂದ ಬೆರಳು ತೆಗೆದ. ಆಮೇಲೆ ಜೇಬಿಗೆ ಕೈಹಾಕಿ, ತನ್ನ ಮೊಣಕೈಯ ಒಳಭಾಗಕ್ಕೇ ಕೆಂಪು ಗುರುತು ಎಳೆದುಕೊಂಡ! ಮುಂದಿನ ತಿಂಗಳೆಲ್ಲ ಸಾವಜಿ ಖಾನಾವಳಿಯ ಖಾರದ ಮಟನ್ ಊಟ. ಖಾರ ತಿಂದರೆ ಸಿಪಾಯಿಗಳಿಗೆ ಸಿಟ್ಟು ಬರುತ್ತದೆಂದು ಅವನ ಲೆಕ್ಕ. ಹೊಟ್ಟೆಗೆ ಸಿಟ್ಟು ಬಂತು. ಏಳನೇ ನಂಬರು ಇದ್ದಲ್ಲೇ ಇತ್ತು.

ಪ್ರಬಂಧ ಒಪ್ಪಿಸುವ ಹಿಂದಿನ ದಿನ ಮಧ್ಯಾಹ್ನ ರಟ್ಟು ಹಾಕಿಸಿದ ಪ್ರತಿಯನ್ನು ಅವನ ಮನೆಗೆ ಒಯ್ದೆ. ಗೋಡೆಯ ಮೇಲೆ ಅತ್ತೆಯ ಫೋಟೋ. ಮಾಮನ ಹೆಂಡತಿ ಕ್ಯಾನ್ಸರಿನಿಂದಲೇ ಹೋಗಿ ಆರು ವರ್ಷವಾಗಿತ್ತು. ಇಂಗ್ಲಿಷ್ ಓದಲು ಬಾರದ ಮಾಮ ಪ್ರತಿಯನ್ನು ಬೆರಳ ಗಿಣ್ಣಿನಿಂದ ತಟ್ಟಿದ, ಕಿವಿಗೆ ಹಿಡಿದ.

"ಕಡೀಕ ವೈರಿಗೋಳು ಎಷ್ಟು ಸಾಯ್ತಾವ?"

"ಐದಕ್ಕ ಒಂದು, ಮಾಮಾ. ಅಷ್ಟ. ಅದೂ ತಟ್ಟಿಯೊಳಗ, ಮನುಷ್ಯಾರ ಮೈಯಾಗ ಹೆಂಗೋ ಇನ್ನೂ ಗೊತ್ತಿಲ್ಲ." ನನ್ನ ದನಿ ಇಳಿದಿತ್ತು.

"ನೀರಿಂದು ತಗದು?"

"ತಗದು."

"ಖರೇ?"

"ಖರೇ."

ಅವನು ಫೋಟೋದ ಕಡೆ ನೋಡಿದ. "ನಿಮ್ಮತ್ತಿಗೆ ಔಷಧ ಕೊಟ್ಟಾಂವ ಐದಕ್ಕ ಐದು ಅಂದಿದ್ದ. ನಾನೂ ಸುಮ್ನ ನಂಬಿದೆ. ಜಿಂದಗಿಯೊಳಗ ಅದೊಂದ ಮಾಲು ತಟ್ಟಿ ನೋಡಲಿಲ್ಲವಾ."

ಜೇಬಿನಿಂದ ಬಿಳಿ ಸೀಮೆಸುಣ್ಣ ತೆಗೆದ. ಕಪ್ಪು ರಟ್ಟಿನ ಮೇಲೆ, ನನ್ನ ಹೆಸರಿನ ಕೆಳಗೆ, ನಿಧಾನವಾಗಿ ಒಂದು ಗುರುತು ಎಳೆದ.

ಆ ಸೀಮೆಸುಣ್ಣವನ್ನು ಅವನು ಯಾರಿಗೂ ಮುಟ್ಟಗೊಟ್ಟವನಲ್ಲ. ನಾನು ಅದನ್ನು ಅವನ ಬೆರಳಿನಿಂದ ಬಿಡಿಸಿಕೊಂಡು, ತೋಳು ಹಿಡಿದು, ಸೂಜಿಯ ಕಲೆಗಳ ಮೇಲೆ ಅದೇ ಗುರುತು ಹಾಕಿದೆ. ಮಾಮ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದ. ತೋಳು ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.