ಸೂರ್ಯನ ಒಲೆಗೆ ಕಂಬಳಿ

“ಒಲಿಗೆ ಯಾಕ ಕಂಬಳಿ ಹೊಚ್ಚೀದಿ? ಅದಕ್ಕೇನು ಥಂಡಿ ಬಂದೈತೇನು?”

“ಥಂಡಿ ಅಲ್ರಿ, ನೆದರು. ಕೆಟ್ಟ ಕಣ್ಣು ಬೀಳಬಾರ್ದು ಅಂತ ಮುಚ್ಚೀನಿ.”

“ಸೂರ್ಯಾನ ಒಲಿ ಅದು, ರೇಣುಕಾ.”

“ಸೂರ್ಯಾಂದು ಇರ್ಲಿ, ಚಂದ್ರಾಮಂದು ಇರ್ಲಿ. ಒಳಗಿನ ಬದನಿಕಾಯಿ ನಮ್ಮವು.”

ವಿರುಪಾಕ್ಷಪ್ಪ ಅಂಗಳದ ಕಟ್ಟೆಯ ಮೇಲೆ ಕುಸಿದು ಕುಳಿತ. ಕುಕನೂರಿನ ಏಪ್ರಿಲ್ ಬಿಸಿಲಿಗೆ ಓಣಿಯ ನಾಯಿಗಳೆಲ್ಲ ನೆರಳು ಹುಡುಕಿಕೊಂಡು ಹೋಗಿದ್ದವು. ಅಂಥ ಬಿಸಿಲಲ್ಲಿ ಸೂರ್ಯನ ಒಲೆ ಮಾತ್ರ ಕರಿ ಕಂಬಳಿ ಹೊದ್ದು ಹಾಯಾಗಿ ಮಲಗಿತ್ತು. ನಾಲ್ಕು ದೇಶಗಳ ವಿಜ್ಞಾನಿಗಳು ಕೂಡಿ ಸಂಶೋಧನೆ ಮಾಡಿ ಕಟ್ಟಿದ ಒಲೆ ಅದು. ಪೆಟ್ಟಿಗೆಯ ಲೆಕ್ಕಾಚಾರ ಒಂದು ದೇಶದ್ದು, ಗಾಜು ಇನ್ನೊಂದರದ್ದು, ಕನ್ನಡಿ ಮತ್ತೊಂದರದ್ದು, ಬಿಸಿಲು ನಮ್ಮದು. ಹೊಗೆ ಇಲ್ಲ, ಕಟ್ಟಿಗೆ ಇಲ್ಲ, ಬೂದಿ ಇಲ್ಲ. ಇಲ್ಲಿಯ ತನಕ ಅಡಿಗೆಯೂ ಇರಲಿಲ್ಲ.

ಊರಲ್ಲಿ ಪ್ರಯೋಗಕ್ಕೆ ಆರಿಸಿದ್ದು ಇವರೊಬ್ಬರ ಮನೆಯನ್ನು. ವಿರುಪಾಕ್ಷಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಜವಾನ. ಮುಂಜಾನೆ ಹೋದರೆ ಸಂಜೆಗೇ ಬರುವುದು. ಬಂದವನೇ ಪಾತ್ರೆಯ ಮುಚ್ಚಳ ತೆಗೆದು, ಬದನೆಕಾಯಿ ಹಿಚುಕಿ ನೋಡಿ, ಪ್ರಯೋಗ ನೋಡಿಕೊಳ್ಳುವ ಧಾರವಾಡದ ದೀಪಿಕಾ ಮೇಡಂಗೆ ಫೋನು ಹಚ್ಚಿ, ಇವತ್ತೂ ಬೇಯಲಿಲ್ಲವೆಂದು ಭಯಭಕ್ತಿಯಿಂದ ಹೇಳುತ್ತಿದ್ದ. ಆ ಒಂದು ಮಾತಿಗೆ ನಾಲ್ಕೂ ದೇಶಗಳಲ್ಲಿ ಸಭೆಗಳು ಕೂಡುತ್ತಿದ್ದವು. ಇದಕ್ಕೆ ಕೊಪ್ಪಳ ಸೀಮೆಯ ಧೂಳೇ ಕಾರಣ ಎಂದರು ಒಬ್ಬರು. ಬದನೆಕಾಯಿಯ ತಳಿ ಬದಲಿಸಿ ನೋಡೋಣ ಎಂದರು ಇನ್ನೊಬ್ಬರು. ಕಡೆಗೆ ವಿಮಾನ ಹತ್ತಿ ಇನ್ನೂ ದೊಡ್ಡ ಕನ್ನಡಿ ಬಂತು. ಕನ್ನಡಿಯ ಹೊಳಪಿಗೆ ಇಡೀ ಓಣಿಯ ಕಣ್ಣು ಇತ್ತ ಹೊರಳಿತು. ರೇಣುಕಮ್ಮ ಅಲ್ಲಿಯ ತನಕ ಒಲೆಗೆ ಮುಚ್ಚುತ್ತಿದ್ದ ಹಳೆಯ ಸೀರೆ ಬಿಟ್ಟು ಕಂಬಳಿ ಹಾಕತೊಡಗಿದಳು; ಗಂಡ ಬರುವ ಹೊತ್ತಿಗೆ ಅದನ್ನು ತೆಗೆದು ಒಳಗಿಡುತ್ತಿದ್ದಳು.

ಇಷ್ಟೆಲ್ಲ ಗೊತ್ತಾದದ್ದು ಇವತ್ತು, ಅವನು ರಜೆ ಹಾಕಿ ಮನೆಯಲ್ಲಿ ಉಳಿದಾಗ. ಡೆನ್ಮಾರ್ಕಿನ ವಿಜ್ಞಾನಿಯೊಬ್ಬಳನ್ನು ಕರೆದುಕೊಂಡು ದೀಪಿಕಾ ಮೇಡಂ ಮಧ್ಯಾಹ್ನ ಬರುವವಳಿದ್ದಳು. ಒಲೆಯಲ್ಲಿ ಅಡಿಗೆ ಬೆಂದರೆ ವಿರುಪಾಕ್ಷಪ್ಪನಿಗೆ ಪರದೇಶದ ಸಮ್ಮೇಳನ, ಅದೂ ವಿಮಾನದಲ್ಲಿ. ಬೇಯದಿದ್ದರೆ ಒಲೆ ಬೇರೆ ಮನೆಗೆ. ಅವನು ಆಗಲೇ ಕೋಟು ಹೊಲಿಸಿದ್ದ. ಅದನ್ನು ತೊಟ್ಟುಕೊಂಡು ಕಚೇರಿಯವರಿಗೆಲ್ಲ ಚಹಾ ಕುಡಿಸಿಯೂ ಬಂದಿದ್ದ.

“ಯಾರ ನೆದರು ಬೀಳತೈತಿ, ಅದನ್ನರ ಹೇಳು.”

ರೇಣುಕಮ್ಮ ಬಾಯಿ ತೆರೆಯದೆ ಗದ್ದದಿಂದ ಎದುರುಮನೆಯನ್ನು ತೋರಿಸಿದಳು. ಅಲ್ಲಿ ಪಾರಮ್ಮ ಜೋಳ ಹಸನು ಮಾಡುತ್ತಿದ್ದಳು. ಕೈ ಮೊರದಲ್ಲಿತ್ತು, ಕಣ್ಣು ಇವರ ಅಂಗಳದಲ್ಲಿತ್ತು.

“ಅಡಿಗಿ ಅಂದ್ರ ಒಳಗ ಮಾಡೂದ್ರಿ. ಇದು ನಡು ಅಂಗಳದಾಗ, ಅದೂ ಮ್ಯಾಲ ಗಾಜು. ಮೊದಲ್ನೇ ದಿನಾನ ಬಂದು ಹಣಿಕಿ ಹಾಕಿ, ‘ಬರೇ ಬ್ಯಾಳಿ ಏನು?’ ಅಂದ್ಲು. ಅವತ್ತು ಉಂಡದ್ದು ಒಂದೂ ಮೈಗೆ ಹತ್ತಲಿಲ್ಲ.”

“ಬಿಸಿಲು ಬೀಳದ ಬೇಯಂಗಿಲ್ಲ, ಮಾರಾಯ್ತಿ.”

“ಬೇಯದಿದ್ರ ಒಳಗಿನ ಒಲಿ ಮ್ಯಾಲ ಇಡತೀನಿ. ನೆದರು ತಾಕಿದ್ರ ಎಲ್ಲಿ ಇಡ್ಲಿ?”

“ಇಷ್ಟು ದಿನ ನನ್ನ ಮುಂದ ಹೇಳಬೇಕಿಲ್ಲೇನು?”

“ನೀವು ಕೇಳಿದ್ರೇನು? ಸಂಜಿಗೆ ಬರ್ತಿದ್ರಿ, ಬದನಿಕಾಯಿ ಹಿಚುಕತಿದ್ರಿ, ಫೋನ್ ಹಚ್ಚತಿದ್ರಿ.”

ವಿರುಪಾಕ್ಷಪ್ಪ ಕಂಬಳಿ ಕಿತ್ತ. ರೇಣುಕಮ್ಮ ಮತ್ತೆ ಮುಚ್ಚಿದಳು. ಅವನು ಮತ್ತೆ ಕಿತ್ತ. ಕೊನೆಗೆ ಅವನು ದನಿ ತಗ್ಗಿಸಿ, ಇಲ್ಲಿ ಬೇಯದಿದ್ದರೆ ಒಲೆಯನ್ನು ಎದುರುಮನೆಗೆ ಕೊಡುವುದಾಗಿ ಮೇಡಂ ಹೇಳಿದ್ದಾಳೆ ಎಂದ. ಅದು ನಾಟಿತು. ಪಾರಮ್ಮನ ಅಂಗಳದಲ್ಲಿ ನಾಲ್ಕು ದೇಶದ ಒಲೆ ಹೊಳೆಯುವುದನ್ನು ದಿನಾ ನೋಡುತ್ತ ಬದುಕುವುದೆಂದರೆ ಸಾಮಾನ್ಯದ ಮಾತಲ್ಲ. ರೇಣುಕಮ್ಮ ಕಂಬಳಿ ಬಿಟ್ಟು, ಒಳಗೋಡಿ, ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿ ತಂದು ಕನ್ನಡಿಗೆ ಕಟ್ಟಿದಳು. ಗಂಟು ಬಿಗಿಯುವಷ್ಟರಲ್ಲಿ ಜೀಪು ಬಂದು ನಿಂತಿತು.

ಡೆನ್ಮಾರ್ಕಿನವಳು ಎಲ್ಲರಿಗೂ ಕೈಮುಗಿದು, ನೇರವಾಗಿ ಒಲೆಯ ಹತ್ತಿರ ಹೋಗಿ, ಬದನೆಕಾಯಿ ಕಚ್ಚಿದಳು. ಕರಕ್ ಎಂದಿತು. ವಿರುಪಾಕ್ಷಪ್ಪನ ಎದೆಯಲ್ಲೂ ಅದೇ ಸದ್ದಾಯಿತು.

ಅವಳ ಕಣ್ಣು ಈಗ ಅವನ ಕೈಯಲ್ಲಿದ್ದ ಕಂಬಳಿಯ ಮೇಲೆ ಬಿತ್ತು. ಇದೇನೆಂದು ದೀಪಿಕಾ ಕೇಳಿದಳು.

“ಒಣ ಹಾಕಿದ್ದೆವ್ರಿ,” ಎಂದ ವಿರುಪಾಕ್ಷಪ್ಪ.

“ಸುಳ್ಳು ಹೇಳಬ್ಯಾಡ್ರಿ,” ಎಂದಳು ರೇಣುಕಮ್ಮ. “ನೆದರಾಗಬಾರ್ದು ಅಂತ ದಿನಾ ಒಲಿಗೆ ಮುಚ್ಚತೀನ್ರಿ, ಮೇಡಮ್ಮರ. ಎದುರಿನಾಕಿ ನೋಡ್ತಾಳ.”

ದೀಪಿಕಾ ಹಣೆ ಒತ್ತಿಕೊಂಡು ಇದನ್ನು ಇಂಗ್ಲಿಷಿಗೆ ತಿರುಗಿಸಿದಳು. ಡೆನ್ಮಾರ್ಕಿನವಳು ನಗಲಿಲ್ಲ. ಕಂಬಳಿ ಮುಟ್ಟಿ ನೋಡಿದಳು, ಪಾರಮ್ಮನ ಕಟ್ಟೆಯ ತನಕ ಟೇಪು ಹಿಡಿಸಿದಳು, ಆಮೇಲೆ ಜೀಪಿನ ನೆರಳಲ್ಲಿ ನಿಂತು ಉಳಿದ ಮೂರೂ ದೇಶಗಳಿಗೆ ಫೋನು ಮಾಡಿದಳು. ಮಾತು ಮುಗಿದಾಗ ಮುಖ ಅರಳಿತ್ತು. ವಿರುಪಾಕ್ಷಪ್ಪನಿಗೆ ಜೀವ ಬಂತು. ಅವನು ಕೋಟು ತರಲು ಒಳಗೆ ಹೊರಟ.

“ಸ್ವಲ್ಪ ನಿಲ್ರಿ,” ಎಂದಳು ದೀಪಿಕಾ. “ಬಿಸಿಲಿನ ಮೇಲೆ, ಗಾಜಿನ ಮೇಲೆ ಎಲ್ಲಾ ದೇಶದಾಗೂ ಸಂಶೋಧನೆ ಆಗ್ಯಾವಂತ. ನೋಡೋರ ಕಣ್ಣಿಗೆ ಅಂಜಿ ಒಲಿ ಮುಚ್ಚತಾರ ಅನ್ನೂದನ್ನ ಇನ್ನೂ ಯಾರೂ ಹಿಡದಿಲ್ಲಂತ. ಸಮ್ಮೇಳನಕ್ಕ ಈಗ ಅದಽ ವಿಷಯ.”

“ಹಂಗಾರ ಛಲೋ ಆತಲ್ರಿ. ನಾ ಹೇಳ್ತೀನಿ ಎಲ್ಲಾ.”

“ನೀವು ಸಂಜಿಗೆ ಅಷ್ಟ ನೋಡೀರಿ. ದಿನಾ ಪೂರಾ ನೋಡಿದವರು ಬೇಕಂತ.”

ಯಾರೂ ಕರೆಯದಿದ್ದರೂ ಪಾರಮ್ಮ ಅಷ್ಟರಲ್ಲಿ ಮೊರ ಸಮೇತ ಬಂದು ನಿಂತಿದ್ದಳು. ಈ ಮನೆಯನ್ನು ನೀವು ನೋಡುತ್ತಿದ್ದದ್ದು ಹೌದೇ ಎಂದು ದೀಪಿಕಾ ಕೇಳಿದಳು.

“ನೋಡ್ತೀನ್ರಿ. ಕಣ್ಣು ಮತ್ತ ಯಾಕ ಅದಾವು?”

ಪರದೇಶಕ್ಕೆ ಬಂದು ಅದನ್ನೇ ನಾಲ್ಕು ಜನರ ಮುಂದೆ ಹೇಳುತ್ತೀರಾ ಎಂದು ಕೇಳಿದಾಗ ಪಾರಮ್ಮ ಸೆರಗು ಸರಿಮಾಡಿಕೊಂಡಳು. ಅವಳಿಗಿದ್ದದ್ದು ಒಂದೇ ಸಂಶಯ.

“ವಿಮಾನಕ್ಕ ಕಿಟಕಿ ಇರ್ತಾವೇನ್ರಿ?”

ಇರುತ್ತವೆ ಎಂದ ಮೇಲೆ ತಡಮಾಡದೆ ಒಪ್ಪಿದಳು. ಪ್ರಯೋಗ ಮುಂದುವರಿಯಬೇಕಾದ್ದರಿಂದ ಒಲೆ ಇದ್ದಲ್ಲೇ ಇರಲಿ ಎಂದು ತೀರ್ಮಾನವಾಗಿ, ಜೀಪು ಧೂಳೆಬ್ಬಿಸಿಕೊಂಡು ಹೋಯಿತು.

ವಿರುಪಾಕ್ಷಪ್ಪನಿಗೆ ಅಳು ಬರುವುದೊಂದು ಬಾಕಿ. ನಾಳೆ ಕಚೇರಿಯಲ್ಲಿ ಯಾವ ಮುಖ ಹೊತ್ತು ಚಹಾ ಕೊಡಬೇಕು? ಇಷ್ಟಕ್ಕೆಲ್ಲ ಕಾರಣಳಾದ ಹೆಂಡತಿಯಾದರೂ ಕೂಗಾಡಿದ್ದರೆ ಸಮಾಧಾನವಾಗುತ್ತಿತ್ತು. ಅವಳು ನೋಡಿದರೆ ಹಾಡೊಂದನ್ನು ಗುನುಗುತ್ತ ಕಂಬಳಿ ಮಡಚುತ್ತಿದ್ದಳು.

“ನಿನಗೇನೂ ಅನ್ನಿಸವಲ್ದೇನು? ನಾ ಹತ್ತೋ ವಿಮಾನ ಆಕಿ ಹತ್ತಾಕತ್ಯಾಳ.”

“ಹತ್ಲಿ ಬಿಡ್ರಿ. ಆಕಿ ಅಲ್ಲಿರೂ ತನಕ ನಾ ಇಲ್ಲಿ ಬಿಸಿಲಾಗ ಆರಾಮ ಅಡಿಗಿ ಮಾಡ್ತೀನಿ. ಎಲ್ಲಿ, ಆ ಮೇಡಮ್ಮಗ ಫೋನ್ ಹಚ್ರಿ.”

“ಏನಂತ ಹೇಳ್ಲಿ?”

“ಒಲಿ ಭಾಳ ಛಲೋ ಐತಿ, ಪಾರಮ್ಮಕ್ಕನ್ನ ಅಲ್ಲೇ ಇಟ್ಕೊಳ್ರಿ ಅಂತ.”