ಹೊಟ್ಟೆನೋವಿಗೆ ಮನೆಶಾಲೆ

ಊರಿಗೆಲ್ಲ ಬುದ್ಧಿ ಹೇಳುವವನಿಗೆ ತನ್ನ ಮನೆಯಲ್ಲೂ ಅದನ್ನು ಹೇಳುವ ಚಪಲ ಹುಟ್ಟಬಾರದು. ನನಗೆ ಹುಟ್ಟಿತು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸಿದ್ದಾಪುರದ ಒಂದು ಕನ್ನಡ ಶಾಲೆಯಲ್ಲಿ ನಾನು ಲೆಕ್ಕದ ಮಾಸ್ತರ. ಶಾಲೆಗೆ ಬಾರದ ಮಕ್ಕಳ ಮನೆ ಮನೆ ಹುಡುಕಿಕೊಂಡು ಹೋಗಿ, ‘ಶಾಲೆ ಬಿಡಿಸಿದರೆ ಮಗುವಿನ ಬಾಳು ಹಾಳು’ ಎಂದು ತಂದೆತಾಯಿಗೆ ಭಾಷಣ ಬಿಗಿದು, ಅವರು ಕೊಟ್ಟ ಚಾ ಕುಡಿದು ಬರುವುದು ನನ್ನ ನೌಕರಿಯ ಒಂದು ಭಾಗವಾಗಿತ್ತು. ಅಂಥ ನಾನೇ ಒಂದು ದಿನ ನನ್ನ ಮಗಳನ್ನು ಶಾಲೆ ಬಿಡಿಸಿದೆ. ಈಗ ನೆನೆದರೆ ನಗು ಬರುತ್ತದೆ, ಆಗ ಮಾತ್ರ ನಾನು ಭಾರಿ ಗಂಭೀರವಾಗಿದ್ದೆ.

ಮಗಳು ವಿನುತಾ ನಮ್ಮ ಶಾಲೆಯಲ್ಲೇ ಐದನೆಯ ತರಗತಿ. ನಾಲ್ಕನೆಯ ತರಗತಿಯವರೆಗೆ ಕುಣಿಯುತ್ತ ಹೋಗುತ್ತಿದ್ದ ಕೂಸು ಐದಕ್ಕೆ ಕಾಲಿಟ್ಟದ್ದೇ ತಡ, ಬೆಳಗಾದರೆ ಹೊಟ್ಟೆ ಹಿಡಿದುಕೊಂಡು ಕೂರತೊಡಗಿತು. ಓಮಿನ ಕಷಾಯ ಆಯಿತು, ಜೀರಿಗೆ ಕಷಾಯ ಆಯಿತು, ಸಿರಸಿಯ ಡಾಕ್ಟರರೂ ಆದರು. ಅವರು ಹೊಟ್ಟೆ ಒತ್ತಿ ನೋಡಿ, ‘ಹೊಟ್ಟೆಯಲ್ಲಿ ಏನೂ ಇಲ್ಲ, ಶಾಲೆಯಲ್ಲಿ ಏನಾದರೂ ಇದೆಯೋ ನೋಡಿ’ ಅಂದರು. ಶಾಲೆಯಲ್ಲಿ ಏನಿರಬೇಕು? ನಾನೇ ಅವಳ ಕ್ಲಾಸ್ ಮಾಸ್ತರ, ದಿನಾ ಎದುರಿಗೆ ಇರುತ್ತೇನೆ. ಮಾಸ್ತರ ಮಗಳೆಂದು ಎಳ್ಳಷ್ಟೂ ರಿಯಾಯಿತಿ ತೋರಿಸಿದವನಲ್ಲ. ಹಲಗೆಯ ಮೇಲೆ ಲೆಕ್ಕ ಬರೆದರೆ ಮೊದಲು ಎಬ್ಬಿಸುವುದು ಅವಳನ್ನೇ; ತಪ್ಪಿದರೆ ಮೊದಲ ಬೈಗುಳವೂ ಅವಳಿಗೇ. ಪಕ್ಷಪಾತ ಎಂಬ ಶಬ್ದ ನನ್ನ ಬಗ್ಗೆ ಯಾರ ಬಾಯಲ್ಲೂ ಬರಕೂಡದೆಂಬ ಹಠ ನನ್ನದು. ಇದನ್ನು ನಾನು ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ ಕೂಡ.

ಅದೇ ಹೊತ್ತಿಗೆ ಯಲ್ಲಾಪುರದಲ್ಲಿ ಒಂದು ಶಿಬಿರ. ಖಾದಿ ಜುಬ್ಬಾ ತೊಟ್ಟ ಒಬ್ಬರು ದೂರದಿಂದ ಬಂದು, ಶಾಲೆಯೆಂದರೆ ಸೆರೆಮನೆ, ಮಗು ಕಲಿಯಬೇಕಾದದ್ದು ಮನೆಯಲ್ಲಿ, ತಾಯಿಯ ಒಲೆ ಮುಂದೆ, ತಂದೆಯ ಹೆಗಲ ಮೇಲೆ ಎಂದು ಎರಡು ತಾಸು ಮಾತಾಡಿದರು. ಕೇಳಲು ಬಂದಿದ್ದ ಹದಿನಾರು ಜನರಲ್ಲಿ ಹನ್ನೊಂದು ಜನ ಮಾಸ್ತರರು ಮತ್ತು ಅಕ್ಕೋರುಗಳು. ಸೆರೆಮನೆಯ ಕಾವಲುಗಾರರೆಲ್ಲ ಕೂತು ಜೋರಾಗಿ ಚಪ್ಪಾಳೆ ತಟ್ಟಿದೆವು. ಊಟದ ಹೊತ್ತಿಗೆ ಯಾರೋ ‘ನಿಮ್ಮ ಮಕ್ಕಳು?’ ಅಂತ ಕೇಳಿಬಿಟ್ಟರು. ‘ಬೋರ್ಡಿಂಗ್ ಶಾಲೆಯಲ್ಲಿದ್ದಾರೆ, ಅವರಮ್ಮನ ಹಠ’ ಎಂದು ಅವರು ಮಜ್ಜಿಗೆಗೆ ಕೈಯೊಡ್ಡಿದರು. ನನಗೆ ಆಗಲೇ ಎಚ್ಚರವಾಗಬೇಕಿತ್ತು. ಆದರೆ ತಲೆಗೆ ಹೊಸ ವಿಚಾರ ಹೊಕ್ಕ ಮಾಸ್ತರನಿಗೆ ಕಿವಿ ಕೇಳಿಸುವುದಿಲ್ಲ.

ಮನೆಗೆ ಬಂದು ಹೆಂಡತಿ ಸಾವಿತ್ರಿಗೆ ಹೇಳಿದೆ. ಅವಳು ದೋಸೆ ಹಿಟ್ಟು ತಿರುವುವುದನ್ನು ನಿಲ್ಲಿಸಲಿಲ್ಲ. ‘‘ನಿಂಗ ಇಡೀ ದಿನ ಶಾಲೆಲ್ಲಿ. ಅಂದ್ರೆ ಮನೆಶಾಲೆ ನಡೆಸವು ಆನು ಹೇಳಿ ಆತು. ದೋಸೆ ಎರೆಯದೂ ಆನೇ, ದನ ಕರೆಯದೂ ಆನೇ, ಇನ್ನು ಭಿನ್ನರಾಶಿನೂ ಆನೇ ಮಾಡವಾ?’’ ಎಂದಳು. ನಮ್ಮ ಮನೆಮಾತಿನಲ್ಲಿ ‘ಆನು’ ಅಂದರೆ ‘ನಾನು’. ಹಗಲು ಅವಳು ಬರೀ ನೋಡಿಕೊಂಡರೆ ಸಾಕು, ಪಾಠ ಬೆಳಿಗ್ಗೆ ಸಂಜೆ ನನ್ನದೇ ಎಂದು ಒಪ್ಪಿಸಿದೆ.

ಹೆಡ್ಮಾಸ್ತರರನ್ನು ಒಪ್ಪಿಸುವುದು ಅಷ್ಟು ಸುಲಭವಿರಲಿಲ್ಲ. ಅವರು ಬನವಾಸಿ ಕಡೆಯವರು, ಮಾತು ನೇರ. ‘‘ಬರ್ರಿ ಹೆಗಡೇರ, ಕೂಡ್ರಿ. ಖಾನಾವಳಿ ಮಾಲಕ ತನ್ನ ಮಗಳನ್ನ ಊಟಕ್ಕ ಬ್ಯಾರೆ ಕಡೆ ಕಳಿಸಿದ್ರ, ಗಿರಾಕಿ ಏನ್ ತಿಳ್ಕೋಬೇಕ್ರಿ?’’ ಅಂದರು. ನಾನು ಸೆರೆಮನೆ, ಒಲೆ, ಹೆಗಲು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, ‘‘ಟಿಸಿ ಗಿಸಿ ಕೊಡಂಗಿಲ್ಲ. ಆರಾಮಿಲ್ಲ ಅಂತ ರಜಾ ಚೀಟಿ ಬರೀರಿ, ಒಂದೆರಡ ತಿಂಗಳ ನೋಡೋಣು’’ ಎಂದರು. ಸರಿ, ಬರೆದೆ. ‘ಕ್ಲಾಸ್ ಮಾಸ್ತರರಲ್ಲಿ ವಿನಂತಿ, ನನ್ನ ಮಗಳು ಹೊಟ್ಟೆನೋವಿನಿಂದ ಬಳಲುತ್ತಿರುವ ಪ್ರಯುಕ್ತ...’ ಕೆಳಗೆ ಪಾಲಕರ ಸಹಿ, ನನ್ನದು. ಅದರ ಮೇಲೆ ‘ಮಂಜೂರು’ ಅಂತ ಕ್ಲಾಸ್ ಮಾಸ್ತರರ ಸಹಿ, ಅದೂ ನನ್ನದೇ.

ಮನೆಶಾಲೆ ಶುರುವಾಯಿತು. ಮೊದಲ ದಿನ ಗಂಟೆಯಿಲ್ಲದೆ ನನಗೆ ಪಾಠ ಹೊರಡಲಿಲ್ಲ. ದೇವರ ಕೋಣೆಯ ಗಂಟೆ ತಂದು ಬಾರಿಸಿದೆ. ಹಾಜರಿ ಕರೆಯದೆ ಸಮಾಧಾನವಾಗಲಿಲ್ಲ; ಇದ್ದೊಬ್ಬಳನ್ನೇ ಹೆಸರು ಹಿಡಿದು ಕೂಗಿದೆ. ಅವಳು ಎದ್ದುನಿಂತು ‘‘ಹಾಜರ್ ಸರ್’’ ಅಂದಳು. ಶಾಲೆಯಲ್ಲಿ ನನ್ನನ್ನು ಅಪ್ಪಯ್ಯ ಅನ್ನಬಾರದೆಂದು ನಾನೇ ಕಟ್ಟಪ್ಪಣೆ ಮಾಡಿದ್ದೆ, ಅದು ಮನೆಗೂ ಬಂತು. ಒಮ್ಮೆ ಪಾಠದ ನಡುವೆ ಒಳಗಿಂದ ಸಾವಿತ್ರಿ ಕೂಗಿದಾಗ, ‘‘ಸರ್, ಆಯಿ ಕರೀತಾ ಇದ್ದು, ಹೋಗ್ಲಾ?’’ ಎಂದು ಕಿರುಬೆರಳು ಎತ್ತಿ ಕೇಳಿತು ಕೂಸು.

ಪ್ರಕೃತಿಯೇ ಪಾಠಶಾಲೆ ಎಂದಿದ್ದರಲ್ಲ ಜುಬ್ಬಾದವರು, ಹಾಗಾಗಿ ಒಂದು ಭಾನುವಾರ ಇತಿಹಾಸ ತೋರಿಸುತ್ತೇನೆಂದು ಅವಳನ್ನು ಗುಡ್ನಾಪುರದ ಕೆರೆಗೆ ಕರೆದುಕೊಂಡು ಹೋದೆ. ಏನು ಖುಷಿ ಅದಕ್ಕೆ! ನೀರಹಕ್ಕಿ ಎಣಿಸಿತು, ಹಳೆಯ ಕಲ್ಲುಗಳನ್ನು ಮುಟ್ಟಿ ಮುಟ್ಟಿ ನೋಡಿತು, ಕದಂಬರ ರಾಣಿಯೂ ಇಲ್ಲೇ ಬಟ್ಟೆ ಒಗೀತಿದ್ಲಾ ಅಂತ ಕೇಳಿತು. ನಾನು ಚೀಲದಿಂದ ಬರೆಯುವ ಪಟ್ಟಿ ತೆಗೆದು, ‘ಈಗ ಕದಂಬರ ಬಗ್ಗೆ ಹತ್ತು ವಾಕ್ಯ ಬರಿ, ಕೆರೆಯ ಉದ್ದ ಅಗಲ ಅಂದಾಜು ಮಾಡಿ ಕ್ಷೇತ್ರಫಲ ಹೇಳು’ ಅಂದೆ. ವಾಪಸು ಬರುವಾಗ ಬಸ್ಸಿನಲ್ಲಿ ಅವಳಿಗೆ ಹೊಟ್ಟೆನೋವು. ಬಸ್ಸಿನ ಕುಲುಕಾಟಕ್ಕೆ ಇರಬೇಕೆಂದು ಕಿಟಕಿಯ ಕಡೆ ಕೂರಿಸಿದೆ.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಕುಡಿಯಲು ಏನಾದರೂ, ಆಮೇಲೆ ಎಲೆಯಡಿಕೆಯ ಕವಳದ ಬಟ್ಟಲು. ಕವಳ ಬಾಯಿಗೆ ಬಿತ್ತೆಂದರೆ ಬಂದವರು ಇನ್‌ಸ್ಪೆಕ್ಟರ್ ಆಗುತ್ತಾರೆ. ಎದುರಿಗೆ ಸಿಕ್ಕ ಮಗುವಿಗೆ ಮಗ್ಗಿ ಕೇಳಬೇಕು, ನಕ್ಷತ್ರ ಕೇಳಬೇಕು, ಅರವತ್ತು ಸಂವತ್ಸರ ಕೇಳಬೇಕು. ಎಲೆಗೆ ಸುಣ್ಣ ಹಚ್ಚುತ್ತ ಬಾಲ್ಯದಲ್ಲಿ ತಾವು ಕಲಿತದ್ದನ್ನೆಲ್ಲ ಒಮ್ಮೆ ಕಕ್ಕಿಕೊಳ್ಳಬೇಕು. ಮಗು ಶಾಲೆ ಬಿಟ್ಟು ಮನೆಯಲ್ಲಿದೆ ಎಂಬ ಸುದ್ದಿ ಹಬ್ಬಿದ ಮೇಲಂತೂ ಕೇಳಬೇಡಿ. ನೋಡಲು ಬಂದವರೆಲ್ಲ ಪರೀಕ್ಷೆ ಮಾಡಿ, ಪಾಪ ಎಂದು ಲೊಚಗುಟ್ಟಿ ಹೋದರು. ತಿಂಗಳು ಕಳೆಯಿತು, ಹೊಟ್ಟೆನೋವು ಹೋಗಲಿಲ್ಲ. ಮೊದಲು ಬೆಳಿಗ್ಗೆ ಮಾತ್ರ ಬರುತ್ತಿದ್ದದ್ದು ಈಗ ಬೆಳಿಗ್ಗೆ ಸಂಜೆ ಎರಡು ಹೊತ್ತೂ ಬರತೊಡಗಿತು. ಹುಡುಗಿ ಸೊರಗಿದಳು. ನನಗೆ ಹೆದರಿಕೆಯಾಯಿತು, ಡಾಕ್ಟರರಿಗೆ ಕಾಣದ ದೊಡ್ಡ ಕಾಯಿಲೆ ಏನೋ ಇದೆ, ಹುಬ್ಬಳ್ಳಿಗೆ ಒಯ್ಯಬೇಕು ಎಂದು ಸಾವಿತ್ರಿಗೆ ಹೇಳಿ, ಶನಿವಾರ ಹೊರಡುವುದೆಂದು ನಿಶ್ಚಯಿಸಿದೆ.

ಶನಿವಾರ ಬೆಳಿಗ್ಗೆ ನಾನು ಮೀಯಲು ಹೋದಾಗ ಹೇರೂರಿನ ಅಜ್ಜ ಬಂದರು. ಸಾವಿತ್ರಿಯ ದೂರದ ಸಂಬಂಧಿ, ಎಂಬತ್ತರ ಆಸುಪಾಸು. ನಾನು ಎಲ್ಲೋ ಮಾಸ್ತರ ಎನ್ನುವುದಷ್ಟೇ ಅವರಿಗೆ ಗೊತ್ತು. ಯಾವ ಶಾಲೆ, ಯಾವ ಪಾಠ, ಒಂದೂ ಗೊತ್ತಿಲ್ಲ. ನಮ್ಮ ಬಚ್ಚಲಮನೆಯ ಕಿಂಡಿ ಜಗಲಿಯ ಕಡೆಗೇ ಇದೆ. ನೀರು ತೋಡುತ್ತಿದ್ದ ನನಗೆ ಎಲ್ಲವೂ ಕೇಳುತ್ತಿತ್ತು. ಕವಳ ಕುಟ್ಟುವ ಸದ್ದಾಯಿತು, ಪರೀಕ್ಷೆ ಶುರುವಾಯಿತು.

‘‘ಹದಿಮೂರೇಳ್ಲಿ ಎಷ್ಟೇ ಕೂಸೆ?’’

‘‘ತೊಂಬತ್ತೊಂದು!’’

‘‘ಹದಿನೇಳು ಎಂಟ್ಲಿ?’’

‘‘ನೂರಾ ಮೂವತ್ತಾರು! ಹತ್ತೊಂಬತ್ತರದ್ದೂ ಬತ್ತು, ಹೇಳ್ಲಾ ಅಜ್ಜ?’’ ಎಂದು ನಕ್ಕಳು.

ನಾನು ಚೊಂಬು ಹಿಡಿದುಕೊಂಡು ಹಾಗೇ ನಿಂತೆ. ನನ್ನೆದುರು ಏಳರ ಮಗ್ಗಿಗೇ ತೊದಲುವ ಹುಡುಗಿ! ಎಷ್ಟು ದಿನವಾಗಿತ್ತು ಆ ನಗು ಕೇಳದೆ.

‘‘ಭಾರಿ ಚುರುಕಿದ್ದಲೇ! ಮತ್ತೆ ಶಾಲೆ ಎಂತಕ್ಕೆ ಬ್ಯಾಡಾತು?’’ ಅಂದರು ಅಜ್ಜ.

‘‘ಶಾಲೆ ಬೇಕು ಅಜ್ಜ. ಲೆಕ್ಕದ ಮಾಸ್ತರು ಬ್ಯಾಡ.’’

‘‘ಹೊಡೀತ್ನನೇ?’’

‘‘ಹೊಡೆಯದಿಲ್ಲೆ. ದಿನಾ ಮೊದ್ಲು ಯನ್ನೇ ಎಬ್ಬಿಸ್ತ. ಆಗ ಬಪ್ಪದೂ ಮರೆತು ಹೋಗ್ತು. ಎಲ್ಲರ ಎದುರಿಗೆ, ಮಾಸ್ತರ ಮಗಳಾಗಿ ಇಷ್ಟೂ ಬರುದಿಲ್ವಾ ಹೇಳಿ ಬೈತ. ಎಲ್ಲರೂ ನೆಗ್ಯಾಡ್ತ. ಯಂಗೆ ಹೊಟ್ಟೆ ಹಿಂಡಿದಾಂಗೆ ಆಗ್ತು.’’

ಅಜ್ಜನಿಗೆ ಸಿಟ್ಟು ನೆತ್ತಿಗೇರಿತು. ಕವಳ ಉಗಿದ ಶಬ್ದ ಕೇಳಿತು. ‘‘ಥೋ, ಯಾರೇ ಆ ಪ್ರಾಣಿ? ಎಲ್ಲಿದ್ದ ಹೇಳು, ಆನು ಈಗ್ಲೇ ಹೋಗಿ ಮಾತಾಡ್ತೆ!’’

ನನ್ನ ಮಗಳು ಸುಳ್ಳು ಹೇಳುವವಳಲ್ಲ. ‘‘ಬಚ್ಚಲಮನೇಲಿ ಮೀತಾ ಇದ್ದ’’ ಅಂದಳು.

ನಿಜ ಹೇಳುತ್ತೇನೆ, ನನಗೆ ಕಣ್ಣಲ್ಲಿ ನೀರು ಬಂತು. ಕಣ್ಣಿಗೆ ಸೋಪು ಹೋಯಿತೆಂದು ಹೇಳಬಹುದಿತ್ತು, ಆದರೆ ಇನ್ನೂ ಸೋಪು ಹಚ್ಚಿರಲಿಲ್ಲ. ಅವಳ ಗೆಳತಿಯರನ್ನು ಬಿಡಿಸಿದೆ, ಆಟದ ಬಯಲು ಬಿಡಿಸಿದೆ, ಹಾಡು ಕಲಿಸುವ ಅಕ್ಕೋರನ್ನು ಬಿಡಿಸಿದೆ. ಅವಳಿಗೆ ಬೇಡವಾಗಿದ್ದ ಒಂದನ್ನು ಮಾತ್ರ ಎರಡು ಹೊತ್ತೂ ಮನೆಗೆ ತಂದು ಎದುರಿಗೆ ಕೂರಿಸಿದ್ದೆ. ಅವತ್ತು ನಾನು ಎಷ್ಟು ಹೊತ್ತು ಮಿಂದೆನೆಂದರೆ, ಹಂಡೆಯ ನೀರು ಖಾಲಿಯಾಗಿ ಸಾವಿತ್ರಿ ಬಾಗಿಲು ಬಡಿದಳು. ಹೊರಗೆ ಬಂದಾಗ ಅಜ್ಜ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಬಟ್ಟಲು ನನ್ನ ಕಡೆ ಸರಿಸಿ, ‘‘ಕವಳ ಹಾಕು ತಮಾ’’ ಎಂದಷ್ಟೇ ಹೇಳಿದರು. ಹುಬ್ಬಳ್ಳಿಗೆ ಹೋಗಲಿಲ್ಲ.

ಸೋಮವಾರ ವಿನುತಾ ಶಾಲೆಗೆ ಬಂದಳು. ನಾನು ಹೆಡ್ಮಾಸ್ತರರ ಎದುರು ನಿಂತು, ಐದನೆಯ ತರಗತಿ ಬೇರೆ ಯಾರಿಗಾದರೂ ಕೊಡಿ, ನನಗೆ ಏಳನೆಯದು ಸಾಕು ಎಂದು ಬೇಡಿಕೊಂಡೆ. ಕಾರಣವನ್ನೂ ಮುಚ್ಚಿಡದೆ ಹೇಳಿದೆ. ಅವರು ನಗಲಿಲ್ಲ; ಆ ಉಪಕಾರ ಮರೆಯುವುದಿಲ್ಲ. ವಾರದೊಳಗೆ ಮಗಳ ಹೊಟ್ಟೆನೋವು ಹೇಳಹೆಸರಿಲ್ಲದೆ ಹೋಯಿತು. ಮನೆಯಲ್ಲಿ ಮತ್ತೆ ಅಪ್ಪಯ್ಯ ಅನ್ನತೊಡಗಿದಳು. ಒಂದು ಸಂಜೆ ತಾನಾಗಿಯೇ ಬಂದು ಹತ್ತೊಂಬತ್ತರ ಮಗ್ಗಿ ಒಪ್ಪಿಸಿದಳು. ನಡುವೆ ಒಂದು ಕಡೆ ತಪ್ಪಿತು, ನಾನು ತುಟಿ ಕಚ್ಚಿಕೊಂಡು ಸುಮ್ಮನೆ ಕೂತೆ.

ಎಲ್ಲ ಸುಖವಾಯಿತು ಅಂದುಕೊಂಡೆ. ಹದಿನೈದು ದಿನ ಕಳೆದ ಮೇಲೆ ಹೆಡ್ಮಾಸ್ತರರು ಮತ್ತೆ ಕರೆಸಿದರು. ಮೇಜಿನ ಮೇಲೆ ಎರಡು ಹಾಜರಿ ಪುಸ್ತಕ ಬಿಡಿಸಿಟ್ಟಿದ್ದರು. ‘‘ಹೆಗಡೇರ, ಒಂದ್ ಮಜಾ ನೋಡ್ರಿ. ಐದನೇ ಕ್ಲಾಸಿನ್ಯಾಗ ನಿಮ್ಮ ಮಗಳ ಸೈತ ವಾರಕ್ಕ ಐದಾರ ಹುಡುಗ್ರು ಬರ್ತಿದ್ದಿಲ್ಲ. ಈಗ ಒಬ್ರೂ ತಪ್ಪಸಂಗಿಲ್ಲ’’ ಎಂದರು. ‘ಸಂತೋಷ ಸರ್’ ಅಂದೆ. ಅವರು ಇನ್ನೊಂದು ಪುಸ್ತಕದ ನಡುವಿನಿಂದ, ಆ ವಾರ ಏಳನೆಯ ತರಗತಿಯಿಂದ ನನ್ನನ್ನು ದಾಟಿ ನೇರ ತಮ್ಮ ಕೈಗೇ ಬಂದಿದ್ದ ನಾಲ್ಕು ರಜಾ ಚೀಟಿ ತೆಗೆದು ನನ್ನ ಮುಂದೆ ಸಾಲಾಗಿ ಇಟ್ಟರು. ಕೈಬರಹ ನಾಲ್ಕು ತರಹದ್ದಿತ್ತು. ಕಾರಣ ನಾಲ್ಕರಲ್ಲೂ ಹೊಟ್ಟೆನೋವು.