ಹಗ್ಗದ ಸೇತುವೆಗೆ ಸಿಮೆಂಟು

"ಭಾನುವಾರದವರೆಗೆ ಆ ಸಿನಿಮಾದ ಒಂದಕ್ಷರವೂ ನನ್ನ ಕಿವಿಗೆ ಬೀಳಕೂಡದು! ಬಿದ್ದರೆ ನಾನು ಮನುಷ್ಯನೇ ಅಲ್ಲ!"

ಬುಧವಾರ ಬೆಳಿಗ್ಗೆ ಕನ್ನಡಕದವರು ಈ ಭೀಷ್ಮ ಪ್ರತಿಜ್ಞೆ ಮಾಡಿದಾಗ ಎದುರಿಗಿದ್ದದ್ದು ಬಚ್ಚಲಿನ ಕನ್ನಡಿ ಮಾತ್ರ. ಮುಖ್ಯರಸ್ತೆಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಅವರದು, ಅದಕ್ಕೇ ಆ ಹೆಸರು. ಅವರ ಪ್ರಾಣಕ್ಕೆ ಪ್ರಾಣವಾಗಿದ್ದ ಸಾಹಸ ಸಿನಿಮಾದ ನಾಲ್ಕನೇ ಭಾಗ, ವರ್ಷಗಟ್ಟಲೆ ಕಾಯಿಸಿ ಸತಾಯಿಸಿ, ಕೊನೆಗೂ ಬಿಡುಗಡೆಯಾಗಿತ್ತು. ಟಿಕೆಟ್ ಸಿಕ್ಕಿದ್ದು ಭಾನುವಾರಕ್ಕೆ. ಅಲ್ಲಿಯವರೆಗೆ ಕಥೆ ಹೇಳಲು ಊರೇ ಬಾಯಿ ತೆರೆದುಕೊಂಡು ನಿಂತಿತ್ತು!

ಮೊದಲ ಮೂರು ಭಾಗ ಅವರಿಗೆ ಬಾಯಿಪಾಠ. ಹೇಸರಗತ್ತೆಯೊಂದನ್ನು ಎಳೆದುಕೊಂಡು ನಿಧಿ ಹುಡುಕುವ ನಾಯಕ. ಪ್ರತಿ ಭಾಗದಲ್ಲೂ ಒಂದು ಹಗ್ಗದ ಸೇತುವೆ. ನಾಯಕ ನಟ್ಟನಡುವೆ ಬಂದಾಗ ಅದು ಹರಿಯಲೇಬೇಕು. ಮೊದಲ ಭಾಗದಲ್ಲಿ ಹರಿದಾಗ ಪಕ್ಕದ ಸೀಟಿನ ಹುಡುಗಿ ಹೆದರಿ ಇವರ ಮಣಿಕಟ್ಟು ಹಿಡಿದಿದ್ದಳು. ಉಗುರು ನಾಟಿ ರಕ್ತವೇ ಬಂತು. ಬ್ಯಾಂಡೇಜು ಸುತ್ತಿದವಳೂ ಅವಳೇ, ನರ್ಸಿಂಗ್ ಓದುತ್ತಿದ್ದಳು. ಈಗ ಅವಳು ಆಸ್ಪತ್ರೆಗೆ ಹಿರಿಯ ನರ್ಸ್, ಇವರಿಗೆ ಹೆಂಡತಿ. ಉಳಿದೆರಡು ಭಾಗಗಳನ್ನೂ ಇಬ್ಬರೂ ಒಟ್ಟಿಗೇ ನೋಡಿದ್ದರು, ಸೇತುವೆ ಬಂದಾಗ ಮಣಿಕಟ್ಟು ಹಿಡಿದುಕೊಂಡೇ.

ಈ ಸಲ ಅವಳಿಗೆ ಭಾನುವಾರ ಡ್ಯೂಟಿ. ಕೇಳಿ ಏನು ಪ್ರಯೋಜನ ಅಂತ ಇವರು ಕೇಳಲೇ ಇಲ್ಲ, ಒಂದೇ ಟಿಕೆಟ್ ತೆಗೆದುಕೊಂಡರು.

ಮೊದಲು ಗೋಡೆಯಾಚೆ ಮನೆಯ ಡ್ರಿಲ್ ಮೇಷ್ಟ್ರಿಗೆ ಎಚ್ಚರಿಕೆ ಹೋಯಿತು. "ಕಥೆ ಗಿಥೆ ಹೇಳಿದ್ರೆ ನೋಡಿ ಮತ್ತೆ!"

"ಅಯ್ಯೋ, ನಾನು ನೋಡೋದೇ ಸೋಮವಾರ ಕಣ್ರೀ. ನೀವು ಬಾಯಿ ಬಿಡದೇ ಇದ್ರೆ ಸಾಕು!"

ಆಮೇಲೆ ಹೆಂಡತಿಯ ಡ್ರಾಯರಿನಿಂದ ಹತ್ತಿ ಕದ್ದು ಎರಡೂ ಕಿವಿಗೆ ತುರುಕಿದರು. ನರ್ಸಿನ ಕಣ್ಣಿಗೆ ಬಿದ್ದರೆ ಮಂಗಳಾರತಿ ಖಚಿತ. ಆದರೆ ಕ್ಷೌರಕ್ಕೆ ಹೋಗಲು ಸೋಮಾರಿತನ ಮಾಡಿ ಬೆಳೆಸಿದ್ದ ಕೂದಲು ಕಿವಿ ಮುಚ್ಚಿ ಮಾನ ಕಾಪಾಡಿತು. ಯಾರು ಏನೇ ಹೇಳಲಿ, "ಹೂಂ" ಅಂದುಬಿಡುವುದು. ಎಂಥ ಯುದ್ಧತಂತ್ರ!

ಗುರುವಾರ ಹಾಲು ಉಕ್ಕಿ ಒಲೆ ಆರಿತು. ಶುಕ್ರವಾರ ನಲ್ಲಿ ಸುರಿದೂ ಸುರಿದೂ ಅಡುಗೆಮನೆಯ ಕಾಲೊರಸು ತೇಲಿಕೊಂಡು ನಡುಮನೆಗೆ ಬಂತು. ಶನಿವಾರ ಗಿರಾಕಿಯೊಬ್ಬರು "ಓದೋಕಲ್ಲ, ದೂರ ನೋಡೋಕೆ" ಅಂದದ್ದಕ್ಕೆ "ಹೂಂ" ಎಂದು ಓದುವ ಗಾಜನ್ನೇ ಕೂರಿಸಿಕೊಟ್ಟರು. ಆ ಮನುಷ್ಯ ಅದನ್ನು ಹಾಕಿಕೊಂಡು ಬೀದಿಗಿಳಿದು ದೀಪದ ಕಂಬಕ್ಕೆ "ಚೆನ್ನಾಗಿದ್ದೀರಾ ಸಾರ್?" ಅಂದರು. ಮಾಲೀಕರು ಕೆಂಡಾಮಂಡಲವಾಗಿ ಬೈದರು. ಅದಕ್ಕೂ ಇವರದು "ಹೂಂ"!

ಊಟದ ಹೊತ್ತಿಗೆ ಹೆಂಡತಿಯ ತುಟಿ ಆಡುವುದು ಕಾಣುತ್ತಿತ್ತು. ಏನೋ ಕೇಳುವಳು, "ಹೂಂ." ಇನ್ನೇನೋ ಕೇಳುವಳು, "ಹೂಂ." ಶನಿವಾರ ಅವಳು ಅರ್ಧ ಊಟಕ್ಕೇ ತಟ್ಟೆ ಎತ್ತಿಕೊಂಡು ಎದ್ದುಹೋದಳು. ಪಾಪ, ಆಸ್ಪತ್ರೆಯಲ್ಲಿ ದಣಿದಿದ್ದಾಳೆ ಅಂದುಕೊಂಡರು.

ಭಾನುವಾರ ಸೀಟಿನಲ್ಲಿ ಕೂತು ರಾಜಗಾಂಭೀರ್ಯದಿಂದ ಹತ್ತಿ ತೆಗೆದರು. ಪರದೆ ಬೆಳಗಿತು. ಹೇಸರಗತ್ತೆ ಎಲ್ಲಿ? ಅದು ಸತ್ತುಹೋಗಿ ಗೋಡೆಯ ಮೇಲೆ ಫೋಟೋ ಆಗಿತ್ತು! ಹಳೆಯ ನಕ್ಷೆ ಎಲ್ಲಿ? ನಾಯಕನ ಫೋನಿನೊಳಗಿಂದ ಒಬ್ಬಳು "ಎಡಕ್ಕೆ ತಿರುಗಿ" ಅನ್ನುತ್ತಿದ್ದಳು. ಹೋಗಲಿ, ಸೇತುವೆ ಇದೆಯಲ್ಲ! ಅದರ ಸಂಗೀತ ಶುರುವಾದದ್ದೇ ತಡ, ಕನ್ನಡಕದವರ ಕೈ ತಾನಾಗಿ ಪಕ್ಕದ ಸೀಟಿನತ್ತ ಚಾಚಿಕೊಂಡಿತು, ಮಣಿಕಟ್ಟು ಮೇಲಾಗಿ.

ಸೇತುವೆ ಬಂತು. ಸಿಮೆಂಟಿನದು! ಎರಡೂ ಕಡೆ ಕಂಬಿ, ಸಾಲು ದೀಪ. ನಾಯಕ ಸೀಟ್ ಬೆಲ್ಟ್ ಹಾಕಿಕೊಂಡು ಕಾರಿನಲ್ಲಿ ದಾಟಿ ಹೋದ.

ಇವರ ಮಣಿಕಟ್ಟಿನ ಮೇಲೆ ಬಿಸಿಯಾದದ್ದೇನೋ ಕೂತಿತು. ಪಕ್ಕದ ಅಪರಿಚಿತನ ಕಾಫಿ ಲೋಟ.

"ಓ, ಕೈಯಾ? ಲೋಟ ಇಡೋ ಜಾಗ ಅಂದ್ಕೊಂಡೆ," ಅಂದ ಅವನು.

"ಸಿಮೆಂಟು ಕಣೇ!" ಎಂದು ಹೆಂಡತಿಗೆ ಹೇಳಿ ನಗಲು ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಅಷ್ಟು ಜನರ ನಡುವೆ ಕೂತು ಅವರಿಗೆ ತಾವೊಬ್ಬರೇ ಅನ್ನಿಸಿತು. ಇಂಟರ್‌ವಲ್ ಆದ ಮೇಲೆ ಜೇಬಿನಿಂದ ಹತ್ತಿ ತೆಗೆದು ಮತ್ತೆ ಕಿವಿಗೆ ತುರುಕಿಕೊಂಡು ಕೂತರು.

ಮನೆಗೆ ಬಂದರೆ ಹೆಂಡತಿ ನಡುಮನೆಯಲ್ಲಿ ಕೂತಿದ್ದಳು! ಹೊರಗೆ ಹೊರಟವಳ ಹಾಗೆ ಒಳ್ಳೆಯ ಬಟ್ಟೆ, ಮಡಿಲಲ್ಲಿ ಕೈಚೀಲ. "ಡ್ಯೂಟಿ ಇಲ್ವಾ?" ಅಂದರು. ಅವಳ ತುಟಿ ಆಡಿತು. ಕನ್ನಡಕದವರು ಹತ್ತಿ ತೆಗೆದರು. ಅವಳು ಅದನ್ನೇ ನೋಡಿದಳು.

"ಯಾವತ್ತಿಂದ ಇದೆ ಅದು?"

"ಬುಧವಾರದಿಂದ... ಯಾರೂ ಕಥೆ ಹೇಳ್ಬಾರ್ದು ಅಂತ..."

"ಅಂದ್ರೆ ನಾನು ಡ್ಯೂಟಿ ಬದಲಾಯಿಸಿಕೊಂಡೆ ಅಂದಿದ್ದು?"

"ಕೇಳಿಸಿಲ್ಲ."

"ನಿಮಗೆ ಒಬ್ರೇ ನೋಡ್ಬೇಕು ಅಂತಾನಾ ಅಂದಿದ್ದು?"

"ಅದಕ್ಕೆ ನಾನೇನಂದೆ?"

"ಹೂಂ ಅಂದ್ರಿ. ನಾನು ಬರೋದು ಬೇಡ್ವಾ ಅಂದೆ, ಅದಕ್ಕೂ ಹೂಂ ಅಂದ್ರಿ. ಆದ್ರೂ ಇವತ್ತು ಕರೀತೀರೇನೋ ಅಂತ ಒಳಗೆ ರೆಡಿಯಾಗ್ತಾ ಇದ್ದೆ. ಹೊರಟ್ರಾ ಅಂತ ಕೂಗಿದೆ. ಬಾಗಿಲು ಎಳ್ಕೊಂಡು ಹೋದ್ರಿ."

ಕನ್ನಡಕದವರ ಮುಖ ಸಪ್ಪಗಾಯಿತು. ನೇರ ಅಡುಗೆಮನೆಗೆ ನುಗ್ಗಿದರು. ಕಾಫಿ ಮಾಡಿಕೊಂಡು ಬರುವಷ್ಟರಲ್ಲಿ ಅವಳು ಜಡೆ ಬಿಚ್ಚಿ, ಕೂದಲು ಹರಡಿಕೊಂಡು, ವಾರಪತ್ರಿಕೆ ಹಿಡಿದು ಕೂತಿದ್ದಳು.

"ತಪ್ಪಾಯ್ತು ಕಣೇ."

"ಹೂಂ."

ಅಬ್ಬ, ಮಾತಾಡಿದಳು! ಇವರಿಗೆ ಹೋದ ಜೀವ ಬಂದಂತಾಯಿತು. "ಸಿನಿಮಾ ಕೆಟ್ಟದಾಗಿತ್ತು ಅಂತ ಬೇಜಾರಿಲ್ಲ. ಸೇತುವೆ ಬಂದಾಗ ಕೈ ಚಾಚಿದೆ. ನೀನಿರಲಿಲ್ಲ."

"ಹೂಂ."

"ಇನ್ನು ಯಾವ ಸಿನಿಮಾನೂ ನೀನಿಲ್ದೆ ನೋಡಲ್ಲ, ನಿನ್ನಾಣೆ!"

"ಹೂಂ," ಅಂದವಳು ಲೋಟ ತೆಗೆದುಕೊಳ್ಳಲು ಬಗ್ಗಿ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು. ಕಿವಿಯಲ್ಲಿ ಬೆಳ್ಳಗೆ ಹತ್ತಿ! ನರ್ಸ್ ಅಲ್ಲವೇ, ಹೊಸದನ್ನೇ ಇಟ್ಟುಕೊಂಡಿದ್ದಳು.

ಕನ್ನಡಕದವರು ಗಂಟಲು ಹರಿಯುವಂತೆ ಕೂಗಿದರು: "ಹೇಸರಗತ್ತೆ ಸತ್ತೋಗಿದೆ ಕಣೇ! ಸೇತುವೆ ಹರಿಯೋದೇ ಇಲ್ಲ, ಸಿಮೆಂಟಿನದು! ನೀನಿಲ್ದೆ ನನಗೆ ಏನೂ ಚೆನ್ನಾಗಿರಲಿಲ್ಲ!"

ಗೋಡೆಯಾಚೆಯಿಂದ ಡ್ರಿಲ್ ಮೇಷ್ಟ್ರು ಗುದ್ದಿದರು. "ರೀ ಕನ್ನಡಕದವ್ರೇ! ನಾನು ನಾಳೆ ನೋಡ್ಬೇಕಿತ್ತಲ್ರೀ! ಎಲ್ಲಾ ಹೇಳ್ಬಿಟ್ರಲ್ರೀ!"

ಹೆಂಡತಿ ಪುಟ ಮಗುಚಿದಳು.

"ಹೂಂ," ಅಂದಳು.